ಅವನು ನುಂಗದೆ ಬಿಟ್ಟ ಮಾತ್ರೆ

"ಸುಳ್ಳು!"

ನರ್ಸ್ ಅವನ ತೋಳಿನ ಬಿ.ಪಿ. ಪಟ್ಟಿಯನ್ನು ಪರ್ರನೆ ಕಿತ್ತಳು. ನೂರ ಎಪ್ಪತ್ತೆರಡಕ್ಕೆ ನೂರ ನಾಲ್ಕು! ಎಂಟು ತಿಂಗಳಿಂದ ಇದೇ ಕಥೆ.

"ಇನ್ನೊಂದ್ಸಲ ಹೇಳಿ, ಮಾತ್ರೆ ದಿನಾ ತಗೋತಿದ್ದೀರಾ?"

"ತಗೋತಿದ್ದೀನಿ ರೀ." ಬಸ್ ಡ್ರೈವರ್ ಕಿಟಕಿಯ ಕಡೆ ನೋಡಿದ.

"ನನ್ನ ಮುಖ ನೋಡಿ ಹೇಳಿ!"

ಅವನು ನೋಡಲಿಲ್ಲ.

"ನಿಮ್ಮಪ್ಪ ಎಷ್ಟನೇ ವಯಸ್ಸಿಗೆ ಹೋದ್ರು?"

"ನಲವತ್ತೊಂದು... ಹಾರ್ಟ್ ಅಟ್ಯಾಕು."

"ನಿಮಗೀಗ ಮೂವತ್ತೆಂಟು! ನಿಮ್ಮಮ್ಮನಿಗೆ ನೀವೊಬ್ರೇ ದಿಕ್ಕು. ಅದಾದ್ರೂ ನೆನಪಿದೆಯಾ?"

ಅವನು ತಲೆ ತಗ್ಗಿಸಿ ಎದ್ದು ಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ಆ ಪುಟ್ಟ ಆಸ್ಪತ್ರೆಗೆ ಬರುವ ಅಜ್ಜಂದಿರೂ ಬಾಯ್ತುಂಬ 'ಸಿಸ್ಟರ್' ಅನ್ನುತ್ತಾರೆ. ಇವನು ಒಮ್ಮೆಯಾದರೂ ಅಂದಿದ್ದಾನೆಯೇ? ಅಂಗಡಿಯವರನ್ನು ಕೂಗಿದ ಹಾಗೆ 'ರೀ' ಅಂತೆ! ಬರೀ ನರ್ಸ್ ಮಾತು ಯಾಕೆ ಕೇಳಬೇಕು ಅನ್ನೋ ತಾತ್ಸಾರ!

ಆದರೆ ಇವನೊಬ್ಬನ ಮೇಲೇ ಇಷ್ಟು ಕೋಪ ಯಾಕೆ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಡಾಕ್ಟರು ತಲೆಯೆತ್ತದೆ ಅವನ ಕಾರ್ಡಿನಲ್ಲಿ ಗೀಚಿದರು: 'ಹೇಳಿದ ಮಾತು ಕೇಳದ ರೋಗಿ.'

"ಸರ್, ಯಾಕೆ ತಗೋತಿಲ್ಲ ಅಂತ ವಿಚಾರಿಸೋಣ್ವಾ?"

"ಮಾತ್ರೆ ಕೊಡೋದಷ್ಟೇ ನಿಮ್ಮ ಕೆಲಸ."

"ಹಾಗಾದ್ರೆ ವಿಚಾರಿಸೋದು ಯಾರ ಕೆಲಸ ಸರ್?"

ಡಾಕ್ಟರು ಮುಂದಿನ ಕಾರ್ಡು ಎಳೆದುಕೊಂಡರು! ಕೋಪ ಬಾರದೆ ಇರುತ್ತದೆಯೇ, ನೀವೇ ಹೇಳಿ.

ಮರುದಿನ ಅವಳಿಗೆ ರಜೆ. ಎಲ್ಲರೆದುರು ಅವನ ನೀರಿಳಿಸಬೇಕೆಂದೇ ಅವನ ಬಸ್ ಹತ್ತಿ, ಅವನ ಹಿಂದಿನ ಸೀಟಿನಲ್ಲೇ ಕೂತಳು.

ಒಂದು ಗಂಟೆ... ಎರಡು... ಮೂರು. ಅವನು ಒಂದು ಗುಟುಕು ನೀರೂ ಕುಡಿಯಲಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಕೊನೆಯ ನಿಲ್ದಾಣದಲ್ಲಿ ವಾಪಸು ಹೊರಡುವ ಜನ ಹತ್ತಿ ಕೂತರು. ಅವನು ಶೌಚಾಲಯದ ಕಡೆ ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ಬಸ್ಸುಗಳ ವೇಳೆ ನೋಡಿಕೊಳ್ಳುವ ಕಂಟ್ರೋಲರ್ ಸೀಟಿ ಊದಿದ.

"ಬೀಗ ಹಾಕಿದೆ ಕಣಯ್ಯಾ! ಲೇಟಾಯ್ತು, ಡ್ಯೂಟಿ ಮುಗಿಸ್ಕೊಂಡು ಹೋಗು!"

ನರ್ಸ್ ಕೂತಲ್ಲೇ ಬೆಚ್ಚಿದಳು. ಅವನಿಗೆ ಕೊಟ್ಟಿದ್ದು ಮೈಯ ನೀರು ಇಳಿಸುವ ಮಾತ್ರೆ. ಬೆಳಗ್ಗೆ ನುಂಗಿದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಬೇಕು. ಸ್ಟೀರಿಂಗ್ ಹಿಡಿದವನು ಎಲ್ಲಿಗೆ ಓಡುತ್ತಾನೆ!

'ಅಯ್ಯೋ... ಎಂಟು ತಿಂಗಳು ಬೈದೆನಲ್ಲ, ಯಾಕೆ ಅಂತ ಒಂದು ಸಲ ಮೆತ್ತಗೆ ಕೇಳಿದ್ನಾ?'

ದಡದಡನೆ ಇಳಿದು ಅವನೆದುರು ನಿಂತಳು.

"ಯಾಕ್ರೀ ಹೇಳ್ಲಿಲ್ಲ?"

ಅವನ ಮುಖ ಕೆಂಪಾಯಿತು. "ನಿಮ್ಮ ಮುಂದೆ... ಅದನ್ನ ಹೇಗೆ ಹೇಳ್ಲಿ ರೀ?"

"ದಿನಾ ನಲವತ್ತು ಜನರ ಮೂತ್ರ ಪರೀಕ್ಷೆ ಮಾಡೋಳು ನಾನು! ನನ್ನ ಮುಂದೆ ನಾಚಿಕೆನಾ?"

ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಅವಳು ಕಂಟ್ರೋಲರ್ ಕಡೆ ತಿರುಗಿದಳು.

"ಬೀಗದಕೈ ಕೊಡ್ರೀ! ಇವರಿಗೆ ಏನಾದ್ರೂ ಆದ್ರೆ ಹಿಂದೆ ಕೂತ ಐವತ್ತು ಜನರ ಗತಿ ಏನು?"

"ಕೊಡ್ರೀ, ಕೊಡ್ರೀ!" ಒಳಗಿನಿಂದ ಕೂಗು ಎದ್ದಿತು. ಬೀಗದಕೈ ಹೊರಬಂತು.

ಮಾರನೆಯ ದಿನ ಅದೇ ಕಾರ್ಡನ್ನು ಡಾಕ್ಟರ ಮುಂದಿಟ್ಟು ನಡೆದದ್ದೆಲ್ಲ ಹೇಳಿದಳು. "ಕೇಳದೆ ಇದ್ದಿದ್ದು ರೋಗಿ ಅಲ್ಲ ಸರ್. ನಾವು."

ಡಾಕ್ಟರು ಈ ಸಲ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ತಾವು ಬರೆದ ಸಾಲನ್ನು ತಾವೇ ಹೊಡೆದುಹಾಕಿ, ಬೇರೆ ಮಾತ್ರೆ ಬರೆದರು.

ಎರಡು ತಿಂಗಳ ಮೇಲೆ... ನೂರ ಇಪ್ಪತ್ತೆಂಟಕ್ಕೆ ಎಂಬತ್ತೆರಡು! ಅವಳ ಕಣ್ಣು ತುಂಬಿತು. ಅದನ್ನು ಮರೆಮಾಚಲು ಗದರಿದಳು.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ..."

"ನನ್ನನ್ನ ಸಿಸ್ಟರ್ ಅಂತ ಯಾಕೆ ಕರೆಯಲ್ಲ, ಮೊದಲು ಅದನ್ನ ಹೇಳಿ!"

"ಅದೇ ಇದು." ಅವನು ಅಂಗೈ ಉಜ್ಜಿಕೊಂಡ. "ಸಿಸ್ಟರ್ ಅಂದುಬಿಟ್ರೆ ಆಮೇಲೆ ಕೇಳೋಕಾಗಲ್ವಲ್ಲ ರೀ."

"ಏನು ಕೇಳೋಕೆ?"

"ನಲವತ್ತೊಂದು ದಾಟೋವಾಗ... ನನ್ನ ಜೊತೆ ಇರ್ತೀರಾ ಅಂತ."

ಅವಳಿಗೆ ನಗು ಬಂತು. ಕೋಪವೂ ಬಂತು!

"ಇದನ್ನೂ ಇಷ್ಟು ದಿನ ಮುಚ್ಚಿಟ್ರಾ? ನಿಮ್ಮ ಬಾಯಿಗಿಂತ ನಿಮ್ಮ ಬಸ್ಸಿನ ಹಾರ್ನೇ ವಾಸಿ! ನಲವತ್ತೊಂದಕ್ಕೆಲ್ಲ ನಾನು ಬರಲ್ಲ. ಎಂಬತ್ತು ದಾಟೋದಾದ್ರೆ ಹೇಳಿ."

"ದಾಟಿಸೋರು ನೀವಿದ್ದೀರಲ್ಲ..."

ಅವಳು ಬಿ.ಪಿ. ಪಟ್ಟಿ ಸುತ್ತಿಟ್ಟಳು. ದನಿ ತಾನಾಗಿಯೇ ಮೆತ್ತಗಾಯಿತು.

"ರೀ... ಇವತ್ತಿನ ಮಾತ್ರೆ ಆಯ್ತಾ?"

"ಆಯ್ತು ರೀ."

ಈ ಸಲ ಅವನು ಅವಳ ಮುಖ ನೋಡಿಯೇ ಹೇಳಿದ.