ಎರಡು ಐವತ್ತೆರಡರ ಧ್ವನಿ

2025ರ ಫೆಬ್ರುವರಿ 13, ಗುರುವಾರ. ಸಂಜೆ ಐದು ಹತ್ತಕ್ಕೆ ಖಾನಾಪುರ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಧೋತರದ ಅಂಚಿಗೆ ಬೂದಿ ಮೆತ್ತಿತ್ತು. ಹೆಸರು ದಿಗಂಬರ ಗಾವಡೆ, ವಯಸ್ಸು ಐವತ್ತೆರಡು, ಜಾಂಬೋಟಿ ಬದಿಯ ರೈತ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಬಣವಿಗೆ ಬೆಂಕಿ ಹಚ್ಚ್ಯಾನ್ರಿ ಮೇಡಂ. ಬಣವಿ ಹೋತು, ಬಾಜೂಕಿದ್ದ ದನದ ಕೊಟಗೀನೂ ಹೋತು."

"ಯಾರು?"

"ನಮ್ಮಣ್ಣನ ಮಗ, ವಿನೀತ. ತಲಿ ಕೆಟ್ಟೈತ್ರಿ ಅವನ್ದು. ಧಾರವಾಡಕ್ಕ ಕಳಸ್ರಿ, ಇನ್ನೇನೂ ಬ್ಯಾಡ ನನಗ."

ಪಿಎಸ್‌ಐ ಪದ್ಮಶ್ರೀ ಹಿರೇಮಠ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಹುಲ್ಲಿನ ಬಣವೆ ಕಳೆದುಕೊಂಡವರನ್ನು ಆಕೆ ಬಹಳ ಕಂಡಿದ್ದಳು. ಇನ್ನು ದನಕ್ಕೆ ಏನು ಹಾಕಲಿ ಎಂದು ಅವರು ಎದೆ ಬಡಿದುಕೊಳ್ಳುತ್ತಾರೆ. ಈತ ಮೇವಿನ ಮಾತೇ ಎತ್ತದೆ ಧಾರವಾಡದ ಹುಚ್ಚಾಸ್ಪತ್ರೆ ಕೇಳುತ್ತಿದ್ದ.

"ಹಚ್ಚೂದು ನೀವು ಕಣ್ಣಾರೆ ನೋಡಿದ್ರೇನು?"

"ಇಲ್ರಿ. ಎರಡಕ್ಕ ಜಾಂಬೋಟಿ ಬಜಾರಕ್ಕ ಹೋಗಿದ್ನಿ. ಬಾಳಪ್ಪನ ಹೋಟೆಲಿನ್ಯಾಗ ಕುಂತಿದ್ನಿ. ಮೂರೂವರಿಗೆ ಬಂದ್ರ ಧಗಧಗ ಉರಿಯಾಕತ್ತಿತ್ತು. ಇವ ಅಂಗಳದಾಗ ಫೋನ್ ಹಿಡಕೊಂಡು ಸುಮ್ನ ನಿಂತಿದ್ದ. ಒಂದು ಕೊಡ ನೀರು ಹಾಕಲಿಲ್ಲ."

"ಮನ್ಯಾಗ ಬ್ಯಾರೆ ಯಾರಿದ್ರು?"

"ಯಾರೂ ಇಲ್ರಿ. ಹೆಂಡ್ತಿ, ಮಗಳು ಸಮೃದ್ಧಿ ಹಿಂಡಲಗಾಕ್ಕ ಹೋಗ್ಯಾರ. ಅಲ್ಲಿಯವರ ಕೂಡ ಆಕೀ ಲಗ್ನ ಗೊತ್ತಾಗೇತಿ."

"ಕೊಟಗ್ಯಾಗ ದನ?"

"ಒಂದ ಎಮ್ಮಿ. ಗಬ್ಬ ಐತಿ. ಬೆಂಕ್ಯಾಗ ಹೊಕ್ಕು, ಕುಡಗೋಲಿಲೆ ಹಗ್ಗ ಕೊಯ್ದು ಹೊರಗ ಹೊಡದ್ನಿ."

ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ತೀರಿಹೋದ ಅಣ್ಣನ ಮಕ್ಕಳಿಗೂ ಬಣವೆಯಲ್ಲಿ ಅರ್ಧ ಪಾಲಿತ್ತು ಎಂಬುದನ್ನು ಪದ್ಮಶ್ರೀ ಕೇಳಿ ಬರೆದುಕೊಂಡಳು. ಮಕ್ಕಳು ಇಬ್ಬರು: ವಿನೀತ, ಮತ್ತು ಬೆಳಗಾವಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ಅವನ ಅಕ್ಕ ಪೂರ್ವಾ.

"ಹುಡುಗನ್ನ ಕರಕೊಂಡು ಬರೂಣೇನ್ರಿ ಮೇಡಂ?" ಹೆಡ್ ಕಾನ್‌ಸ್ಟೆಬಲ್ ಭರಮಪ್ಪ ಕೇಳಿದ.

"ಮೊದಲು ಜಾಗ ನೋಡೂಣು."

ಮರುದಿನ ಬೆಳಿಗ್ಗೆ 7.40ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಬೂದಿ ಇನ್ನೂ ಬೆಚ್ಚಗಿತ್ತು. ಕೊಟ್ಟಿಗೆಯ ಗೂಟ ಅರ್ಧ ಸುಟ್ಟಿತ್ತು. ಗೂಟದ ಬುಡದಲ್ಲಿ, ಬೆಂಕಿ ಮುಟ್ಟದ ಜಾಗದಲ್ಲೂ, ಹಗ್ಗದ ತುಂಡಾಗಲಿ ಗಂಟಾಗಲಿ ಇರಲಿಲ್ಲ. ನಲವತ್ತು ಹೆಜ್ಜೆ ಆಚೆ ಹಲಸಿನ ಮರಕ್ಕೆ ಎಮ್ಮೆ ಕಟ್ಟಿತ್ತು. ಹಳೆಯ ಹಗ್ಗ, ಎಲ್ಲೂ ಕೊಯ್ದ ಗುರುತಿಲ್ಲ.

ಭರಮಪ್ಪ ಎಮ್ಮೆಯ ಸುತ್ತ ಒಂದು ಸುತ್ತು ಹಾಕಿದ. ಅವನೂ ಒಕ್ಕಲುತನದ ಮನೆಯವನೇ.

"ಬೆಂಕಿ ಕಂಡ ಎಮ್ಮಿ ಮೂರು ದಿನ ಯಾರನ್ನೂ ಹಂತ್ಯಾಕ ಬಿಟ್ಟುಕೊಳ್ಳೂದಿಲ್ರಿ ಮೇಡಂ. ಇದು ನೋಡ್ರಿ, ಅತ್ತಿ ಮನಿಗೆ ಬಂದ ಅಳಿಯನಂಗ ಮೆಲಕ ಹಾಕ್ಕೋತ ನಿಂತೇತಿ. ಒಂದು ಕೂದಲಾ ಸೈತ ಸುಟ್ಟಿಲ್ಲ."

"ಅದನ್ನೂ ಬರಿ. ಅಳಿಯನ ಮಾತು ಬಿಟ್ಟು."

ಬಾಗಿಲ ಪಕ್ಕದ ಕಟ್ಟೆಯ ಮೇಲೆ ವಿನೀತ ಕುಳಿತಿದ್ದ. ಇಪ್ಪತ್ನಾಲ್ಕು ವರ್ಷ, ತೆಳ್ಳಗಿನ ಮೈ, ಕೊರಳಿನವರೆಗೂ ಗುಂಡಿ ಹಾಕಿದ ಅಂಗಿ. ಪದ್ಮಶ್ರೀ ದಿಗಂಬರನನ್ನು ದೂರ ಕಳಿಸಿ, ಹುಡುಗನ ಎದುರಿಗಲ್ಲದೆ ಬದಿಗೆ ಕುಳಿತಳು.

ಅವನೇ ಮಾತು ತೆಗೆದ. "ನಾನ ಹಚ್ಚಿರಬೇಕ್ರಿ."

"ಹಚ್ಚಿದ್ದು ನೆನಪೈತೇನು ತಮ್ಮಾ?"

"ಇಲ್ರಿ. ಕಾಕಾ ಅಂದ. ಕಾಕಾ ಯಾಕ ಸುಳ್ಳ ಹೇಳ್ತಾನ? ಹೋದ ವರ್ಷ ನನ್ನ ತಲೀನ ನನಗ ಸುಳ್ಳ ಹೇಳಿತ್ತು."

"ಆ ಹೊತ್ತಿನ್ಯಾಗ ಎಲ್ಲಿದ್ದಿ?"

"ಒಳಗ. ಏನೋ ಕೇಳಿಸ್ತು. ಅಕ್ಕಗ ಕಳಿಸಿದ್ನಿ."

"ಫೋನ್ ಎಲ್ಲಿ?"

"ಕಾಕಾ ಇಸಕೊಂಡಾನ. ಅಕ್ಕಗ ಫೋನ್ ಹಚ್ಚಬ್ಯಾಡ ಅಂದ." ಆಮೇಲೆ ಅವನೇ ಕೇಳಿದ: "ಮೇಡಂ, ಸೋಮವಾರ ಫೌಂಡ್ರಿಗೆ ಹೋಗೂದಿತ್ರಿ. ಮತ್ತ ಕೆಲಸಕ್ಕ ತಗೋತೀವಿ ಅಂದಾರ. ಇನ್ನ ತಗೋತಾರೇನ್ರಿ?"

ತಾನೇ ಹಚ್ಚಿರಬೇಕು ಎಂದು ಅವನು ಹೇಳಿದ್ದು ನೆನಪಲ್ಲ, ಹೆದರಿಕೆ ಎಂದು ಪದ್ಮಶ್ರೀಗೆ ಖಾತ್ರಿಯಿತ್ತು. ಆದರೆ ಇನ್ನು ನಾಲ್ಕು ಜನ ನಾಲ್ಕು ಸಲ ಹೇಳಿದರೆ ಅದೇ ನೆನಪಾಗಿ ಗಟ್ಟಿಯಾಗುತ್ತದೆ ಎಂಬುದೂ ಗೊತ್ತಿತ್ತು. ಅವನಿಗೆ ಔಷಧಿ ಕೊಡುತ್ತಿದ್ದ ವೈದ್ಯರನ್ನು ಕಾಣಲು ಅವನ ಲಿಖಿತ ಒಪ್ಪಿಗೆ ಪಡೆದು, ಹುಡುಗನನ್ನು ಕಾಕಾನ ಮನೆಯಲ್ಲಿ ಬಿಡದೆ ಪಕ್ಕದ ಮನೆಯ ಶಿವಲಿಂಗವ್ವನ ಬಳಿ ಕೂರಿಸಿದಳು. ಆ ಮುದುಕಿ ಒಂದೂ ಪ್ರಶ್ನೆ ಕೇಳದೆ ಅವನ ಮುಂದೆ ಅವಲಕ್ಕಿ ಇಟ್ಟಿದ್ದನ್ನು ನೋಡಿದ ಮೇಲೆಯೇ ಜೀಪು ಹತ್ತಿದಳು.

ಬೆಳಗಾವಿಯಲ್ಲಿ ಮನೋವೈದ್ಯ ಡಾ. ಓಂಕಾರ ಹನ್ನೊಂದೂವರೆಗೆ ಸಿಕ್ಕರು. ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದರು.

"ರೋಗ ಶುರುವಾಗಿ ಎಂಟು ತಿಂಗಳಷ್ಟ ಆಗೇತ್ರಿ. ತಾಯಿ ತೀರಿದ ವರ್ಷನ ಇವ ಫೌಂಡ್ರಿಯ ರಾತ್ರಿ ಪಾಳಿಗೆ ಬಿದ್ದ. ನಿದ್ದಿ ಕೆಟ್ಟಿತು. ರೂಮಿನ ಗೆಳೆಯರು ನಿದ್ದಿ ಬರ್ತೈತಿ ಅಂತ ಗಾಂಜಾ ಸೇದಿಸಿದ್ರು. ಭಟ್ಟಿಗೆ ಗಾಳಿ ಊದೂ ಬ್ಲೋವರು ತನ್ನ ಹೆಸರು ಹಿಡಿದು ಕರೀತೈತಿ ಅನ್ನಾಕ ಹತ್ತಿದ."

"ಬೆಂಕಿ ಹಚ್ಚು ಅಂತ ಯಾವುದರೆ ಧ್ವನಿ ಹೇಳ್ತಿತ್ತೇನ್ರಿ?"

"ಒಮ್ಮೆನೂ ಇಲ್ಲ. ಅವನ ನಸೀಬು ಏನಂದ್ರ, ಅಕ್ಕ ಎರಡನೇ ವಾರಕ್ಕ ನನ್ನ ಕಡೆ ಕರಕೊಂಡು ಬಂದ್ಲು. ಮಾಟ, ಭಾನಾಮತಿ ಅಂತ ವರ್ಷಗಟ್ಲೆ ತಿರುಗಿಸಲಿಲ್ಲ. ಗುಳಿಗಿ ತಪ್ಪಿಸಿಲ್ಲ, ಗಾಂಜಾ ಬಿಟ್ಟಾನ. ಗುಳಿಗಿ ಅರ್ಧ ಕೆಲಸ ಮಾಡ್ತಾವ, ಉಳಿದರ್ಧ ಮನಿ ಮಾಡಬೇಕು. ಮನ್ಯಾಗ ದಿನಾ ಹುಚ್ಚ ಅಂದ್ರ ನನ್ನ ಗುಳಿಗಿ ಏನ್ ಮಾಡ್ಯಾವು?"

"ಅವನ ಮಾತು ನಂಬಬಹುದಾ?"

ವೈದ್ಯರು ನಕ್ಕರು. "ನಮಗಿಂತ ಹೆಚ್ಚು ಒರೆಗೆ ಹಚ್ಚಿ ಮಾತಾಡ್ತಾನ್ರಿ ಅವ. ಅನುಮಾನ ಬಂದ ಸಪ್ಪಳ ಫೋನಿನ್ಯಾಗ ತುಂಬಿಕೊಂಡು ಅಕ್ಕಗ ಕಳಿಸಂತ ನಾನ ಕಲಿಸೇನಿ. ಆಕಿಗೂ ಕೇಳಿಸಿದ್ರ ಖರೇ. ಇಲ್ಲಂದ್ರ ತಲ್ಯಾಗಿಂದು, ಬಿಟ್ಟುಬಿಡು."

ಪೂರ್ವಾ ಪುಸ್ತಕದ ಕಪಾಟುಗಳ ನಡುವೆ ನಿಂತು ಮಾತಾಡಿದಳು. ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಗುರುವಾರ ಏನೂ ಕಳಿಸಿಲ್ರಿ ಮೇಡಂ."

"ಕಳಿಸ್ಯಾನಂತ ಅವನ ಹೇಳ್ಯಾನ."

ಅವಳ ಕಣ್ಣು ತುಂಬಿದವು. "ಇದನ್ನ ತೋರಿಸಿದ್ರ ಇನ್ನೂ ಧ್ವನಿ ಕೇಳ್ತಾವ ಇವಗ ಅಂತೀರಿ. ಪೂರಾ ಹುಚ್ಚ ಅಂತ ಬರೀತೀರಿ. ಸೋಮವಾರದ ಕೆಲಸಾನೂ ಹೋಗ್ತದ."

"ಪೂರ್ವಾ, ಬೆಂಕಿ ನಾನ ಹಚ್ಚಿರಬೇಕು ಅನ್ನಾಕತ್ಯಾನ ನಿಮ್ಮ ತಮ್ಮ. ಇದನ್ನ ಮುಚ್ಚಿಟ್ಟು ಅವನ್ನ ಉಳಸಾಕ ಆಗೂದಿಲ್ಲ. ಕೊಡ್ರಿ ಇಲ್ಲೆ."

ಆ ದಿನ ವಿನೀತ ಕಳಿಸಿದ ಧ್ವನಿ ಸಂದೇಶಗಳು ಎರಡೇ ಇದ್ದವು. ಮೊದಲನೆಯದು ಮಧ್ಯಾಹ್ನ 2.52, ಹನ್ನೊಂದು ಸೆಕೆಂಡು. ಎಮ್ಮೆಯೊಂದು ಗುಟುರು ಹಾಕುತ್ತದೆ. ಮೆತ್ತಗಿನ ಗಂಡಸಿನ ಧ್ವನಿ ಮರಾಠಿಯಲ್ಲಿ ಅದನ್ನು ರಮಿಸುತ್ತದೆ: "ಚಲ್ ಬಾಯೆ, ಚಲ್. ತುಲಾ ಕಾಹಿ ಹೋಣಾರ್ ನಾಹಿ." ನಡಿ ತಾಯಿ, ನಿನಗೇನೂ ಆಗುವುದಿಲ್ಲ. ಕೆಳಗೆ 2.54ಕ್ಕೆ ಪೂರ್ವಾಳ ಉತ್ತರ: "ನನಗೂ ಕೇಳಿಸ್ತು. ಕಾಕಾ, ಎಮ್ಮಿ. ಖರೇ ಅದ."

ಎರಡನೆಯದು 3.21. ಚಟಚಟ ಸಪ್ಪಳ, ಮೇಲೆ ವಿನೀತನ ಮಾತು: "ಅಕ್ಕಾ, ಬೆಂಕಿ ಸಪ್ಪಳ. ಹೊಗೀನೂ ಕಾಣಾಕತ್ತೈತಿ. ಖರೇ ಏನ?"

ಅದಕ್ಕೆ ಉತ್ತರ ಹೋದದ್ದು 3.46ಕ್ಕೆ.

"ಪರೀಕ್ಷೆ ಹತ್ರ ಬಂದಾವ್ರಿ. ಪುಸ್ತಕ ಕೊಡೂ ಗದ್ದಲದಾಗ ಫೋನ್ ನೋಡಲಿಲ್ಲ," ಎಂದಳು ಪೂರ್ವಾ.

ಹುಡುಗ ಉರಿಯುವ ಬಣವೆಯ ಮುಂದೆ ಫೋನ್ ಹಿಡಿದು ಏಕೆ ನಿಂತಿದ್ದ ಎಂಬುದು ಪದ್ಮಶ್ರೀಗೆ ಆಗ ತಿಳಿಯಿತು. ಅದು ನಿಜವಾದ ಬೆಂಕಿಯೋ ಅಲ್ಲವೋ ಎಂಬ ಉತ್ತರಕ್ಕೆ ಅವನು ಕಾಯುತ್ತಿದ್ದ.

ಪೂರ್ವಾಳ ಫೋನನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು, ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡಳು. ಜಾಂಬೋಟಿಯಲ್ಲಿ ಭರಮಪ್ಪ ಕಾಯುತ್ತಿದ್ದ. ಗುರುವಾರ ದಿಗಂಬರ ಹೋಟೆಲಿನ ಕಡೆ ತಲೆ ಸಹ ಹಾಕಿರಲಿಲ್ಲ ಎಂದು ಬಾಳಪ್ಪ ಹೇಳಿಕೆ ಕೊಟ್ಟಿದ್ದ.

ಸಂಜೆ ನಾಲ್ಕು ಐವತ್ತಕ್ಕೆ ಮನೆ ಮುಟ್ಟಿದರು. ಹೆಂಡತಿ, ಮಗಳು ಹಿಂಡಲಗಾದಿಂದ ಮರಳಿದ್ದರು. ಪದ್ಮಶ್ರೀ ದಿಗಂಬರನನ್ನು ಹಲಸಿನ ಮರದ ಕೆಳಗೆ ಕರೆದೊಯ್ದಳು.

"ಎರಡರಿಂದ ಮೂರೂವರಿ ತನ ಎಲ್ಲಿದ್ರಿ?"

"ಹೇಳೇನಲ್ರಿ. ಬಜಾರ."

"ಎಮ್ಮಿ ಎಲ್ಲಿತ್ತು?"

"ಕೊಟಗ್ಯಾಗ. ಹಗ್ಗ ಕೊಯ್ದ್..."

ಆಕೆ ಆ ಧ್ವನಿಯನ್ನು ಕೇಳಿಸಿದಳು. ಚಲ್ ಬಾಯೆ, ಚಲ್. ಎಮ್ಮೆ ಕಿವಿ ನಿಮಿರಿಸಿ ಒಡೆಯನ ಕಡೆ ಮುಖ ತಿರುಗಿಸಿತು. ದಿಗಂಬರ ಅದರ ಕೊರಳ ಮೇಲೆ ಕೈ ಇಟ್ಟ.

"ಎಮ್ಮಿಗೆ ಏನೂ ಆಗೂದಿಲ್ಲ ಅಂದ್ರಿ. ಹುಡುಗಗ?"

"ಅವಗೂ ಏನ್ ಆಗ್ತಿತ್ರಿ? ಧಾರವಾಡದಾಗ ಎರಡ್ಹೊತ್ತು ಊಟ ಹಾಕ್ತಾರ. ಹಿಂಡಲಗಾದವರು ಕೇಳಿದ್ರು, ಆ ಹುಡುಗ ಮನ್ಯಾಗ ಇರಾಂವೇನು ಅಂತ. ಇಲ್ಲ ಅಂದುಬಿಟ್ನಿ."

ಆಮೇಲೆ ಉಳಿದದ್ದನ್ನು ತಾನಾಗಿಯೇ ಹೇಳಿದ. ಅವನ ಅಪ್ಪನ ತಂಗಿಯೊಬ್ಬಳಿಗೆ ಎಳೆಯ ವಯಸ್ಸಿನಲ್ಲೇ ಬುದ್ಧಿ ಕದಡಿತ್ತು. ಔಷಧಿಯೆಂಬುದು ಯಾರಿಗೂ ಹೊಳೆಯಲಿಲ್ಲ. ಹನ್ನೊಂದು ವರ್ಷ ಆಕೆಯನ್ನು ಹಿಂದಿನ ಕೋಣೆಯಲ್ಲಿ ಕಟ್ಟಿ ಹಾಕಿದ್ದರು. ಆಕೆಯ ಕೂಗು ಕೇಳಿದ ಬೀಗರು ಅಂಗಳದಿಂದಲೇ ತಿರುಗಿ ಹೋದರು, ದಿಗಂಬರನ ಇಬ್ಬರು ಅಕ್ಕಂದಿರು ಮದುವೆಯಿಲ್ಲದೆ ಮುದುಕಿಯರಾದರು. ದಿನವೂ ಆ ಕೋಣೆಗೆ ತಾಟು ಒಯ್ಯುತ್ತಿದ್ದವನು ಇವನೇ. ವಿನೀತ ಹುಷಾರಾಗುತ್ತಿದ್ದಾನೆ ಎಂದು ಪೂರ್ವಾ ಎಷ್ಟು ಹೇಳಿದರೂ ಇವನಿಗೆ ಕಾಣುತ್ತಿದ್ದುದು ಆ ಕೋಣೆ ಮಾತ್ರ.

"ಎಮ್ಮೀನ ಒಳಗ ಬಿಟ್ಟು ಹಚ್ಚಿದ್ರ ನೀವು ಸಿಗ್ತಿರಲಿಲ್ಲ," ಎಂದ ಭರಮಪ್ಪ, ತಡೆಯಲಾರದೆ.

ದಿಗಂಬರ ಗಾಬರಿಯಿಂದ ತಲೆ ಎತ್ತಿದ. "ಗಬ್ಬ ಐತಲ್ರಿ!"

ಸಂಜೆ 5.25ಕ್ಕೆ ಬಂಧನ ಪತ್ರಕ್ಕೆ ಸಾಕ್ಷಿಯಾಗಿ ಹೆಂಡತಿಯ ಸಹಿ ಪಡೆದು ದೂರುದಾರನನ್ನೇ ಬಂಧಿಸಲಾಯಿತು. ಸುಳ್ಳು ಮಾಹಿತಿ ಕೊಟ್ಟ ಕಲಮೂ ಸೇರಿತು. ವಿನೀತನ ಪಾತ್ರವಿಲ್ಲ ಎಂಬ ಟಿಪ್ಪಣಿಯನ್ನು ಪದ್ಮಶ್ರೀ ಅಲ್ಲೇ ಜೀಪಿನ ಬಾನೆಟ್ ಮೇಲೆ ಬರೆದಳು. ಒಂದು ಪ್ರತಿ ಫೌಂಡ್ರಿಗೆ ಬೇಕಾದೀತು ಎಂದು ಪೂರ್ವಾಳಿಗೆ ಹೇಳಿದಳು.

ಶಿವಲಿಂಗವ್ವನ ಮನೆಯಿಂದ ವಿನೀತ ಬಂದು ಪಡಸಾಲೆಯಲ್ಲಿ ಅಕ್ಕ ಮತ್ತು ಪದ್ಮಶ್ರೀಯ ಪಕ್ಕ ನಿಂತ. ದಿಗಂಬರನಿಂದ ಪಡೆದು ಭರಮಪ್ಪ ವಾಪಸು ಕೊಟ್ಟ ಫೋನು ಅವನ ಕೈಯಲ್ಲಿತ್ತು. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಸಣ್ಣ ಸಪ್ಪಳ ಬರುತ್ತಿತ್ತು. ಅವನು ಫೋನನ್ನು ಬಾಯಿಯ ಬಳಿ ತಂದವನು, ಏನೋ ಯೋಚಿಸಿ ಪದ್ಮಶ್ರೀಯ ಕಡೆ ತಿರುಗಿದ.

"ಮೇಡಂ, ಸಮೃದ್ಧಿ ಅಳಾಕತ್ತಾಳೇನ್ರಿ? ನಿಮಗೂ ಕೇಳಿಸ್ತದ?"

"ಕೇಳಿಸ್ತದ ತಮ್ಮಾ. ಖರೇ ಅದ."

ಅವನು ಫೋನನ್ನು ಜೇಬಿಗೆ ಹಾಕಿ, ಬಾಗಿಲು ತಟ್ಟಿ, ತಂಗಿಯ ಬಳಿ ಒಳಗೆ ಹೋದ.