ಬದುಕಿದ್ದವನ ಗೋಧಿ

"ಯಾರ ಹೆಸರಿನ ಗೋಧಿ, ಅಕ್ಕಾ?"

ಲಂಬ್ರಿನಿ ತಲೆಯೆತ್ತಲಿಲ್ಲ. ಚರ್ಚಿನ ಅಂಗಳದಲ್ಲಿ ಕೂತು, ಬೇಯಿಸಿದ ಗೋಧಿಗೆ ಸಕ್ಕರೆ ಪುಡಿ ಹರಡಿ, ಬಾದಾಮಿಯಿಂದ ಶಿಲುಬೆ ಜೋಡಿಸುತ್ತಿದ್ದಳು. ಸತ್ತವರ ಹೆಸರಿನಲ್ಲಿ ಮಾಡುವ ಈ ಕೋಲಿವಾದಲ್ಲಿ ಅವಳ ಕೈ ಪಳಗಿತ್ತು.

"ಸ್ತೇರ್ಗಿಯೋಸ್‌ದು. ಸೇತುವೆ ಹತ್ರ ಜರ್ಮನ್ನರ ಗುಂಡು ತಿಂದು ಹೊಳೆಗೆ ಬಿದ್ದೋನು."

"ಪಾಪ. ಒಳ್ಳೆ ಹುಡುಗನಾ?"

"ಎಲ್ಲಿಯ ಒಳ್ಳೆಯವನು! ಬಾಯಿಬಡುಕ. ಕುಣಿಯೋಕೆ ಬರ್ತಿರಲಿಲ್ಲ, ಎಲ್ಲರ ಮದುವೆಲೂ ಮುಂದೆ ನಿಂತು ಕುಣೀತಿದ್ದ."

"ಅದೊಂದು ಮಾತ್ರ ಸುಳ್ಳು, ಲಂಬ್ರಿನಿ. ನಾನು ಚೆನ್ನಾಗೇ ಕುಣೀತಿದ್ದೆ."

ಬಾದಾಮಿ ಕೈಯಿಂದ ಜಾರಿತು. ಎದುರಿಗಿದ್ದವನ ಕೂದಲು ಪೂರ್ತಿ ಬಿಳಿ, ಕಾಲು ಕುಂಟು, ಕೈಯಲ್ಲೊಂದು ಹಳೆಯ ಸೂಟ್‌ಕೇಸ್. ಆದರೆ ಒಂದೇ ಹುಬ್ಬು ಏರಿಸಿ ನಗುವ ಆ ರೀತಿ ಭೂಮಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಹತ್ತೊಂಬತ್ತರ ಹುಡುಗಿ ಬಾವಿಯ ಬಳಿ ಕೊಡ ಬೀಳಿಸಿಕೊಂಡಿದ್ದು ಆ ಹುಬ್ಬಿಗೇ. ಅರವತ್ತರ ಹತ್ತಿರ ಬಂದವಳ ಎದೆಯನ್ನೂ ಅದು ಸುಮ್ಮನೆ ಬಿಡಲಿಲ್ಲ.

ಸಂತೋಷವಾಯಿತು. ಅದರ ಬೆನ್ನಿಗೇ ಭಯವೂ ಆಯಿತು. ಏಕೆಂದರೆ ಅವನು ಅಂದು ಸಾಯಲಿಲ್ಲವೆಂದು ಆ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಜರ್ಮನ್ನರ ವಿರುದ್ಧ ಬೆಟ್ಟ ಹತ್ತಿ ಹೋರಾಡಿದವರು ಕಮ್ಯುನಿಸ್ಟರೆಂದು, ಅವರ ಹೆಸರನ್ನು ಪೊಲೀಸರ ಹೆದರಿಕೆಯಿಂದ ಊರು ಬಹಳ ಕಾಲ ಗಟ್ಟಿಯಾಗಿ ಹೇಳಿರಲಿಲ್ಲ. ಸರ್ಕಾರ ಕೊನೆಗೂ ಅವರನ್ನು ದೇಶಕ್ಕಾಗಿ ಹೋರಾಡಿದವರೆಂದು ಒಪ್ಪಿಕೊಂಡ ಮೇಲೆ ನಮ್ಮೂರಿಗೂ ಒಂದು ಪ್ರತಿರೋಧ ದಿನ ಬೇಕು ಎಂದರು. ಕಾಫಿ ಅಂಗಡಿಯಲ್ಲಿ ಚಳಿಗಾಲವೆಲ್ಲ ಕಿತ್ತಾಡಿ, ಸೇತುವೆ ಕಾಳಗದ ದಿನವನ್ನೇ ಗೊತ್ತುಮಾಡಿದರು. ಇವತ್ತು ಅದರ ಮೊದಲ ಆಚರಣೆ. ಆಮೇಲಿನ ಅಂತರ್ಯುದ್ಧದಲ್ಲಿ ಸೋತು, ಗಡಿ ದಾಟಿ ದೂರದ ತಾಷ್ಕೆಂಟ್ ಸೇರಿದ್ದವರಿಗೂ ವಾಪಸು ಬರಲು ಅನುಮತಿ ಸಿಕ್ಕಿದೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಹೆಸರು ಕೇಳಿ ಊರಿನ ಅಧ್ಯಕ್ಷ ಮಿಲ್ತಿಯಾದಿಸ್ ಓಡಿಬಂದ. "ಅಯ್ಯೋ ಮಾವಾ, ನೀವಾ! ಸತ್ತವರ ಕಲ್ಲಲ್ಲಿ ಕೆತ್ತಿಸಿಬಿಟ್ಟಿದ್ದೀನಲ್ಲ! ಎಲ್ಲರಿಗಿಂತ ಮೇಲೆ ನಿಮ್ಮ ಹೆಸರೇ ಇದೆ!"

"ಇರಲಿ ಬಿಡಪ್ಪ, ಅಳಿಸಬೇಡ. ಮುಂದೆ ಹೇಗೂ ಬೇಕಾಗುತ್ತೆ."

ಜನ ನಕ್ಕರು, ಅತ್ತರು, ಅವನನ್ನು ತಬ್ಬಿ ತಬ್ಬಿ ಸುಸ್ತು ಮಾಡಿದರು. ಪಾದ್ರಿ ಪ್ರಾರ್ಥನೆ ಶುರುಮಾಡಿದಾಗ ಸ್ತೇರ್ಗಿಯೋಸ್ ತಪ್ಪಿಸಿಕೊಂಡು ಬಂದು ಅವಳ ಬೆಂಚಿನ ಮೇಲೆ ಕುಳಿತ.

"ಗಿರಣಿಯವನ್ನ ಮದುವೆ ಆದೆ ಅಂತ ಬೆಟ್ಟದಲ್ಲೇ ಕೇಳಿದ್ದೆ. ಹೇಗಿದಾನೆ?"

"ತೀರಿಕೊಂಡ. ಆರು ವರ್ಷ ಆಯ್ತು."

"ನನಗೆ ಕೋಪ ಇಲ್ಲ ಕಣೆ. ಸತ್ತೋನಿಗೆ ಅಂತ ಯಾರು ಕಾಯ್ತಾರೆ?" ಎಂದು ಅವನು ತಣ್ಣಗೆ ನಕ್ಕ. "ಅಮ್ಮನಿಗೊಂದು ನೆಮ್ಮದಿ ಇತ್ತಲ್ಲ, ನನಗೆ ಅಷ್ಟು ಸಾಕು. ಇದ್ದಿಲು ಮಾರೋನ ಹತ್ರ ಹೇಳಿ ಕಳಿಸಿದ್ದೆ, ಬದುಕಿದ್ದೀನಿ ಅಂತ. ಅಮ್ಮನಿಗೆ ಸುದ್ದಿ ಮುಟ್ಟಿತ್ತು ತಾನೆ?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಇದ್ದಿಲಿನವನು ಸತ್ತು ಎಷ್ಟೋ ಕಾಲವಾಗಿತ್ತು, ಅವನ ಅಮ್ಮನೂ ಇರಲಿಲ್ಲ. ಒಂದು ಹೂಂ ಅಂದರೆ ಆ ಹುಬ್ಬು ದಿನವೂ ತನ್ನ ಊಟದ ಮೇಜಿನ ಎದುರಿಗಿರುತ್ತದೆ. ಲಂಬ್ರಿನಿಗೆ ಆಸೆಯಾಯಿತು, ನಾಚಿಕೆ ಬಿಟ್ಟು ಆಸೆಯಾಯಿತು.

"ಇಲ್ಲ," ಎಂದಳು.

"ಇಲ್ಲ ಅಂದ್ರೆ?"

"ಅವನು ಮೊದಲು ಗಿರಣಿಗೆ ಬಂದ. ನನಗೆ ಮದುವೆ ಆಗಿ ಒಂದು ವಾರ. ಅಮ್ಮನಿಗೆ ನಾನೇ ಹೇಳ್ತೀನಿ ಅಂತ ಅವನನ್ನ ಕಳಿಸಿಬಿಟ್ಟೆ. ಹೇಳಲಿಲ್ಲ. ಕಾಯದೆ ಕಟ್ಕೊಂಡಳು ಅಂತ ಊರೆಲ್ಲ ಉಗೀತಾರೆ ಅಂತ ಹೆದರಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ನಿಮ್ಮಮ್ಮ ಹೊಸ್ತಿಲಲ್ಲಿ ಅಳ್ತಾ ಅಳ್ತಾನೇ ಹೋದಳು. ಪ್ರತಿ ವರ್ಷ ಅವಳ ಪಕ್ಕದಲ್ಲೇ ಕೂತು ನಿನ್ನ ಹೆಸರಿನ ಗೋಧಿ ಆರಿಸ್ತಿದ್ದೆ, ಸ್ತೇರ್ಗಿಯೋಸ್. ಬದುಕಿದಾನೆ ಅಂತ ಬಾಯಿಗೆ ಬರ್ತಿತ್ತು. ನುಂಗಿಕೊಳ್ತಿದ್ದೆ."

ಹುಬ್ಬು ಇಳಿಯಿತು. ಅವನು ಎದ್ದು, ಕುಂಟುತ್ತಾ ಸ್ಮಾರಕದ ಕಲ್ಲಿನ ಬಳಿ ಹೋಗಿ ಬೆನ್ನು ಹಾಕಿ ನಿಂತ. ಆ ಬೆನ್ನು ಅಲುಗುವುದು ಅವಳಿಗೆ ಕಾಣುತ್ತಿತ್ತು. ಹೋಗಿ ಮುಟ್ಟುವ ಹಕ್ಕು ತನಗಿಲ್ಲವೆಂದು ಕುಳಿತೇ ಇದ್ದಳು.

ಪ್ರಾರ್ಥನೆ ಮುಗಿದು ಗೋಧಿ ಹಂಚುವ ಹೊತ್ತಾಯಿತು. ಪ್ರತಿಯೊಬ್ಬರೂ ಒಂದು ಚಮಚ ತಿಂದು "ದೇವರು ಕ್ಷಮಿಸಲಿ" ಅನ್ನುವುದು ವಾಡಿಕೆ. ಕೊನೆಗೆ ಸ್ತೇರ್ಗಿಯೋಸ್ ಬಂದು ಕೈಚಾಚಿದ. ಅವಳು ಒಂದು ಚಮಚ ಕೊಟ್ಟಳು. ಅವನು ನಿಧಾನವಾಗಿ ಅಗಿದ. ಆ ಮಾತು ಮಾತ್ರ ಆಡಲಿಲ್ಲ.

"ಹೇಳಲ್ವಾ?"

"ಹೇಳೋಣ ಅಂತ ಬಾಯಿ ತೆಗೆದೆ. ಬರ್ತಿಲ್ಲ." ಅವನ ಕಣ್ಣು ಕೆಂಪಾಗಿತ್ತು. "ಒಂದು ಚಮಚಕ್ಕೆ ಬರೋ ಮಾತಲ್ಲ ಇದು. ನಾಳೆ ಏನಡಿಗೆ?"

"ಬೀನ್ಸ್ ಸಾರು."

"ಬರ್ತೀನಿ."

"ನಾಳೆಯೂ ಬಾಯಿಗೆ ಬರದಿದ್ರೆ?"

"ನಾಡಿದ್ದೂ ಬರ್ತೀನಿ. ಇಷ್ಟು ವರ್ಷ ಸತ್ತೋನಿಗೆ ಬಡಿಸಿದ್ದೀಯ. ಇನ್ನು ಬದುಕಿರೋನಿಗೆ ಬಡಿಸು, ನೋಡೋಣ."

ಹುಬ್ಬು ಏರಲಿಲ್ಲ. ಅವಳು ಅದನ್ನು ಕೇಳಲೂ ಇಲ್ಲ. ಸಂಜೆ ಮನೆಗೆ ಬಂದು ಬೀನ್ಸ್ ನೆನೆಹಾಕಿದಳು, ಇಬ್ಬರಿಗಾಗುವಷ್ಟು.