ಎರವಲು ದನಿ

"ಅದರ ದನಿ ಅಣಕಿಸಬೇಡಿ ಡಾಕ್ಟ್ರೇ. ಬಾಯಿ ಕೊಟ್ಟೋರಿಗೆ ಅದು ಬಾಯಿ ವಾಪಸ್ ಕೊಡಲ್ಲ," ಎಂದರು ಪ್ರಾರ್ಥನೆಗೆ ಬಂದಿದ್ದ ಪಾಸ್ಟರ್, ಮೂಲೆಯ ಮಂಚದತ್ತ ನೋಡಿ.

ಮನೋರೋಗಗಳ ವಾರ್ಡಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ನಕ್ಕ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನೂ ಬಿಡದೆ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು. ಪಾಸ್ಟರ್ ಬೆನ್ನು ತಿರುಗಿಸಿದ್ದೇ ತಡ, ಆ ಎಚ್ಚರಿಕೆಯನ್ನು ಅವರದೇ ದನಿಯಲ್ಲಿ ನರ್ಸಿಗೆ ಒಪ್ಪಿಸಿದ. ನರ್ಸ್ ನಗಲಿಲ್ಲ.

ಮೂಲೆಯ ಮಂಚದಲ್ಲಿದ್ದವಳು ಬಟ್ಟೆ ಹೊಲಿಯುವ ಹುಡುಗಿ. ಅವಳ ಗಂಟಲಿನಿಂದ ಬೇರೆ ಯಾರೋ ಮಾತಾಡುತ್ತಿದ್ದರು. ಮಣ್ಣು ಅಗಿಯುವಂಥ ಗಂಡುದನಿ, ನಡುನಡುವೆ ಗಡಸು ಕೆಮ್ಮು. ಚಿಕ್ಕಮ್ಮ ಮಾಡಿಸಿದ ಮಾಟ, ಅಶುದ್ಧಾತ್ಮ ಹೊಕ್ಕಿದೆ ಎಂದು ತಾಯಿ. ಮಿದುಳಿನ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದು ಡಾಕ್ಟರ್. ತಾಯಿ ಎಲ್ಲಕ್ಕೂ ತಲೆಯಾಡಿಸಿ, ಅವನು ಆಚೆ ಹೋದೊಡನೆ ಮಾತ್ರೆ ಉಗುಳಿಸಿ, ಮಗಳ ಹಣೆಗೆ ಪ್ರಾರ್ಥನೆಯ ಎಣ್ಣೆ ಹಚ್ಚುತ್ತಿದ್ದಳು. ಪ್ರಾರ್ಥನೆ ನಾನು ನೋಡ್ಕೋತೀನಿ, ಮಾತ್ರೆಯನ್ನೂ ಕೊಡಮ್ಮ ಎಂದು ಪಾಸ್ಟರೇ ಹೇಳಿದರೂ ಕೇಳಲಿಲ್ಲ. ಅನ್ನ ನೀರು ಬಿಟ್ಟ ಹುಡುಗಿ ಕಡ್ಡಿಯಾಗುತ್ತಿದ್ದಳು. ಇನ್ನು ಕೆಲವು ದಿನ ಹೀಗೇ ಆದರೆ ಉಳಿಯುವುದಿಲ್ಲ. ಡಾಕ್ಟರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅದು ನಿಮ್ಮ ಮಾತ್ರೆಗೆಲ್ಲ ಹೆದರಲ್ಲ ಸಾರ್," ಎಂದಳು ತಾಯಿ.

ಹೆದರಿಸಿದರಾಯಿತು ಎಂದುಕೊಂಡ.

ಮಧ್ಯಾಹ್ನ ಹುಡುಗಿಗೆ ಜೊಂಪು ಹತ್ತಿತ್ತು. ಅವನು ಮಂಚದ ಹಿಂದಿನ ಪರದೆಯ ಮರೆಗೆ ನಿಂತ. ಗಂಟಲು ಬಿಗಿಹಿಡಿದು ಆ ದನಿಯನ್ನೇ ಎಳೆದ: "ಮಾತ್ರೆ ಬೇಡ. ಉರಿಯುತ್ತೆ. ಮಾತ್ರೆ ಬೇಡ."

ಆಚೆ ತಾಯಿ ಗಡಿಬಿಡಿಯಿಂದ ಮಾತ್ರೆ ಬಿಡಿಸಿದ ಸದ್ದು. ಲೋಟದ ಸದ್ದು. ಗೆದ್ದೆ ಎಂದು ಬಾಯಿ ಮುಚ್ಚಿದ.

ದನಿ ನಿಲ್ಲಲಿಲ್ಲ.

ಆರಿದ ಮೇಣದಬತ್ತಿಯ ನಾತ. ನಾಲಿಗೆಯ ಮೇಲೆ ಹಸಿಮಣ್ಣು. ತುಟಿ ಕಚ್ಚಿದ. ಕೈ ಅಡ್ಡ ಹಿಡಿದ. ಎದೆಯೊಳಗೆ ಯಾರೋ ಕೆಮ್ಮಿದರು. ಅವನಲ್ಲ.

ಹುಡುಗಿ ದಿನೇ ದಿನೇ ಗೆಲುವಾದಳು. ಡಾಕ್ಟರ್ ಮಾತು ಬಿಟ್ಟ. ಗಂಟಲು ಕೆಟ್ಟಿದೆ ಎಂದು ಸನ್ನೆಯಲ್ಲೇ ಕಾಲ ತಳ್ಳಿದ. ತನ್ನ ಕಾಯಿಲೆಯ ಹೆಸರು ಅವನಿಗೆ ಗೊತ್ತಿತ್ತು, ಔಷಧಿಯೂ ಗೊತ್ತಿತ್ತು. ಮಾತ್ರೆ ತುಟಿಯವರೆಗೆ ಬರುತ್ತಿತ್ತು, ಅಷ್ಟೇ.

ಮನೆಗೆ ಹೊರಟ ದಿನ ಹುಡುಗಿ ಕೈ ಮುಗಿಯಲು ಬಂದಳು. ಅವನು ತಡೆಯಲಾರದೆ ಕೆಮ್ಮಿದ. ಅವಳ ಮುಖ ಬಿಳಿಚಿತು. ಆ ಕೆಮ್ಮು ಅವಳಿಗೆ ಪರಿಚಯದ್ದು. ಮೆಲ್ಲಗೆ ಮೇಜಿನ ಮೇಲಿದ್ದ ಮಾತ್ರೆಯನ್ನು ಅವನ ಅಂಗೈಗಿಟ್ಟು, ನೀರಿನ ಲೋಟ ಎತ್ತಿ ಹಿಡಿದಳು.

"ಹೆದರಬೇಡಿ ಡಾಕ್ಟ್ರೇ, ನುಂಗಿ. ನನಗೆ ಹೋಯ್ತಲ್ಲ."

ನುಂಗಬೇಕೆಂದೇ ಬಾಯಿ ತೆರೆದ.

"ಮಾತ್ರೆ ಬೇಡ," ಎಂದಿತು ಬಾಯಿ. "ಉರಿಯುತ್ತೆ."

ಆ ಮಾತು ಅದಕ್ಕೆ ಕಲಿಸಿದವನು ಅವನೇ.